ಮುಂದೆ ಅವರು, ಹಿಂದೆ ನಾನು

ನೈರೋಬಿಯ ಕಿಲಿಮಾನಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಗೇಟು ದಾಟಿ ಎಡಕ್ಕೆ ತಿರುಗಿದರೆ ಹರ್ಲಿಂಗ್‌ಹ್ಯಾಮ್ ಕಡೆಗೆ ಹೋಗುವ ಅಗಲವಾದ ರಸ್ತೆ. ಎರಡೂ ಬದಿಗೆ ಸಾಲು ಜಕರಂದಾ ಮರಗಳು. ಅಕ್ಟೋಬರ್ ಬಂತೆಂದರೆ ಕೊಂಬೆಯೆಲ್ಲ ನೇರಳೆ, ಕೆಳಗೆ ಫುಟ್‌ಪಾತೂ ನೇರಳೆ. ಮಟಾಟು ವ್ಯಾನುಗಳ ತಲೆಯ ಮೇಲೂ ಒಂದಿಷ್ಟು ಹೂ ಕೂತು ಊರು ಸುತ್ತುತ್ತವೆ. ಇಷ್ಟು ಚೆಂದದ ರಸ್ತೆಯಲ್ಲಿ ಸುಮ್ಮನೆ ಅಡ್ಡಾಡುವವರು ಮಾತ್ರ ಯಾರೂ ಇಲ್ಲ. ಕಾರಿರುವವರು ಕಾರು ಬಿಟ್ಟು ಇಳಿಯುವುದಿಲ್ಲ. ನಡೆಯುವವರು ಕೆಲಸಕ್ಕೋ ಮನೆಗೋ ಹೊರಟವರು, ಅವರಿಗೆ ಮರ ನೋಡಲು ಪುರುಸೊತ್ತಿಲ್ಲ. ಎಲ್ಲಿಗೂ ಹೋಗದೆ, ಏನನ್ನೂ ತರದೆ, ಆ ತುದಿ ಮುಟ್ಟಿ ವಾಪಸ್ಸು ಬರುವವರೆಂದರೆ ನಾವಿಬ್ಬರೇ, ನಾನು ಮತ್ತು ನಮ್ಮ ಯಜಮಾನರು.

ಇವರಿಗೆ ಇಲ್ಲಿನ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿ ನಾವು ಮೈಸೂರಿನಿಂದ ಬಂದ ಹೊಸತರಲ್ಲಿ, ಹಳೆಯ ಕನ್ನಡದ ಕುಟುಂಬಗಳವರು ಊಟಕ್ಕೆ ಕರೆದು ಬುದ್ಧಿ ಹೇಳಿದ್ದರು. "ನೈರೋಬಿಯಲ್ಲಿ ನಮ್ಮೋರು ನಡೆಯೋದಿಲ್ಲ. ಮೊದಲು ಒಂದು ಗಾಡಿ ತಗೊಳ್ಳಿ." ಗಾಡಿ ತಗೊಂಡೆವು. ನಡೆಯುವುದನ್ನೂ ಬಿಡಲಿಲ್ಲ. ಸಂಜೆ ಒಂದು ಸುತ್ತು ಹಾಕಿ ಬರದಿದ್ದರೆ ಮೈಸೂರಿನ ಗಂಡಸಿಗೆ ರಾತ್ರಿಯ ಅನ್ನ ಇಳಿಯುವುದಿಲ್ಲ. ಅದು ಆ ಊರಿನ ನೀರಿನ ಗುಣ. ಎಷ್ಟು ದೂರ ಬಂದರೂ ಹೋಗುವುದಿಲ್ಲ.

ನಾವು ನಡೆಯುವ ಕ್ರಮವನ್ನು ಮೊದಲೇ ಹೇಳಿಬಿಡುತ್ತೇನೆ. ಇವರು ಮುಂದೆ, ನಾನು ಹಿಂದೆ. ನಡುವೆ ನಾಲ್ಕು ಮಾರು ಜಾಗ. ಇದರಲ್ಲಿ ಮುನಿಸಿಲ್ಲ, ದೊಡ್ಡಸ್ತಿಕೆಯೂ ಇಲ್ಲ. ಮೈಸೂರಿನಲ್ಲಿ ನಮ್ಮ ಮಾವನವರು ಹಾಗೇ ನಡೆಯುತ್ತಿದ್ದರು, ಅತ್ತೆ ಹಿಂದೆ ಬರುತ್ತಿದ್ದರು. ಗಲ್ಲಿ ಚಿಕ್ಕದು, ಎದುರಿಗೆ ಸ್ಕೂಟರ್ ಬಂದರೆ, ಹಸು ಬಂದರೆ, ಸಾಲಾಗಿಯೇ ನಡೆಯಬೇಕು. ಮದುವೆಯಾದ ಹೊಸದರಲ್ಲಿ ನಮಗೆ ಜೊತೆಜೊತೆಯಾಗಿ ನಡೆಯಲು ನಾಚಿಕೆ. ಅಕ್ಕಪಕ್ಕದವರು ಏನಂದುಕೊಂಡಾರು ಎಂಬ ಅಳುಕು. ನಾಚಿಕೆ ಯಾವಾಗಲೋ ಹೋಯಿತು, ಅಭ್ಯಾಸ ಉಳಿಯಿತು. ಇಲ್ಲಿನ ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುತ್ತಿದ್ದ ಟೀಚರೊಬ್ಬಳು ಕಾರಿನಿಂದ ನಮ್ಮನ್ನು ನೋಡಿ, ಮರುದಿನ ಸ್ಟಾಫ್ ರೂಮಿನಲ್ಲಿ ನನ್ನ ಕೈ ಹಿಡಿದು, ಮನೆಯಲ್ಲಿ ತುಂಬಾ ಕಷ್ಟವೇ ಎಂದು ಮೆಲ್ಲಗೆ ಕೇಳಿದ್ದಳು. ಪಾಪ, ಅವಳು ನಮ್ಮನ್ನು ಅಡುಗೆಮನೆಯಲ್ಲಿ ನೋಡಿದ್ದರೆ ಆ ಪ್ರಶ್ನೆಯನ್ನು ಇವರಿಗೆ ಕೇಳುತ್ತಿದ್ದಳು.

ಇವರು ಮುಂದೆ ಹೋದರೂ ಮಾತು ನನ್ನ ಜೊತೆಯೇ. ತಿರುಗಿ ನೋಡುವುದಿಲ್ಲ, ಎದುರಿನ ಗಾಳಿಗೆ ಹೇಳಿದ ಹಾಗೆ ಹೇಳುತ್ತಾ ಹೋಗುತ್ತಾರೆ. ನಲ್ಲಿ ಸೋರುವ ವಿಷಯ, ನೀರಿನ ಟ್ಯಾಂಕರ್ ಬಾರದ ವಿಷಯ, ಯಾರೋ ತಪ್ಪು ಕನ್ನಡ ಬರೆದು ವಾಟ್ಸ್ಯಾಪಿಗೆ ಹಾಕಿದ ವಿಷಯ. ನಾನು ಹಿಂದಿನಿಂದ "ಹೂಂ" ಅನ್ನುತ್ತೇನೆ, ಬೇಕಾದಲ್ಲಿ ಎದುರಾಡುತ್ತೇನೆ. ನಮ್ಮ ಎಷ್ಟೋ ದೊಡ್ಡ ನಿರ್ಧಾರಗಳು ಹೀಗೆ ನಾಲ್ಕು ಮಾರಿನ ಅಂತರದಲ್ಲಿ ಆಗಿವೆ. ಇವರ ಮುಖಕ್ಕಿಂತ ಬೆನ್ನನ್ನೇ ನಾನು ಹೆಚ್ಚು ನೋಡಿದ್ದೇನೆ. ಸಿಟ್ಟು ಬಂದರೆ ಮೊದಲು ಕುತ್ತಿಗೆ ಬಿಗಿಯುತ್ತದೆ, ಸುಳ್ಳು ಹೇಳುವಾಗ ಕೈ ಎರಡೂ ಹಿಂದಕ್ಕೆ ಬಂದು ಕಟ್ಟಿಕೊಳ್ಳುತ್ತವೆ. ತಲೆ ಹಿಂಭಾಗದಿಂದ ಬೆಳ್ಳಗಾಗುತ್ತಾ ಬಂದಿದ್ದು ಅವರಿಗಿಂತ ಮುಂಚೆ ನನಗೆ ಗೊತ್ತಾಯಿತು. ಹೇಳಲಿಲ್ಲ, ಕನ್ನಡಿಯೇ ಹೇಳಲಿ ಎಂದು ಬಿಟ್ಟೆ.

ಮಗಳು ವಿಯೆನ್ನಾದಲ್ಲಿ ಓದುತ್ತಿದ್ದಾಗ ಒಂದು ಬೇಸಿಗೆ ನಾವು ಅಲ್ಲಿಗೆ ಹೋಗಿದ್ದೆವು. ಹಳೆಯ ಊರನ್ನು ಒಡ್ಯಾಣದ ಹಾಗೆ ಸುತ್ತುವ ದೊಡ್ಡ ಬೀದಿಯಿದೆ ಅಲ್ಲಿ. ಸಾಲು ಸಾಲು ಮರ, ಅರಮನೆಯಂಥ ಕಟ್ಟಡಗಳು, ನಡೆಯುವವರಿಗೆಂದೇ ಬಿಟ್ಟ ಜಾಗದಲ್ಲಿ ನಮ್ಮೂರಿನ ಎರಡು ಬಸ್ಸು ಅಕ್ಕಪಕ್ಕ ಹೋಗಬಹುದು. ಗಂಡಹೆಂಡಿರು ಕೈಗೆ ಕೈ ಕೊಟ್ಟು ಯಾವ ಅವಸರವೂ ಇಲ್ಲದೆ ನಡೆಯುತ್ತಿದ್ದರು, ನಮಗಿಂತ ಹಣ್ಣಾದವರೂ ಕೂಡ. ಅಂಥ ಬೀದಿಯಲ್ಲೂ ಇವರು ಮುಂದೆ, ನಾನು ಹಿಂದೆ. ನೈರೋಬಿಯಲ್ಲಿ ಹುಟ್ಟಿ ಬೆಳೆದ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. "ಅಮ್ಮಾ, ಪ್ಲೀಸ್, ವಾಕ್ ವಿತ್ ಹಿಮ್" ಎಂದು ಹೇಳಿ ಹೇಳಿ ಸಾಕಾಗಿ, ನಾಚಿಕೆಗೆ ನಮ್ಮಿಬ್ಬರಿಗಿಂತಲೂ ಮುಂದೆ ಹೋಗಿ ನಡೆಯತೊಡಗಿದಳು. ಈಗ ಮೂರು ಜನರ ಸಾಲಾಯಿತು.

ನಾನು ಒಂದು ಕೇಕಿನ ಅಂಗಡಿಯ ಗಾಜಿನೆದುರು ನಿಂತೆ. ಇವರಿಗೆ ಗೊತ್ತಾಗಲಿಲ್ಲ, ಮಾತಾಡುತ್ತಾ ಮುಂದೆ ಹೋದರು. ಇವರ ಹಿಂದೆ ನಾನಿರಬೇಕಾದ ಜಾಗಕ್ಕೆ ನಾಯಿಮರಿ ಹಿಡಿದ ಆ ದೇಶದ ಹೆಂಗಸೊಬ್ಬರು ಬಂದು ಸೇರಿದ್ದರು. ಇವರು ಅಚ್ಚ ಕನ್ನಡದಲ್ಲಿ ಅವರಿಗೆ ಹೇಳುತ್ತಿದ್ದರು: "ಮಗು ಊಟ ಸರಿಯಾಗಿ ಮಾಡ್ತಿಲ್ಲ ಕಣೇ. ಕೆನ್ನೆ ನೋಡು, ಒಳಗೆ ಹೋಗಿದೆ. ನೀನೇ ಕೇಳು, ನಾನು ಕೇಳಿದ್ರೆ ರೇಗ್ತಾಳೆ." ನಾನು ಓಡಿ ಬಂದು ಸೇರುವ ಹೊತ್ತಿಗೆ ಆಕೆ ತಲೆದೂಗುತ್ತಾ ಬಹಳ ದೂರ ಬಂದಿದ್ದರು. ನನ್ನನ್ನು ನೋಡಿ ಏನೋ ಹೇಳಿದರು. ಮಗಳು ಹಿಂತಿರುಗಿ ಬಂದು ಅದನ್ನು ತಿಳಿಸಿದಳು: ನಿಮ್ಮ ಯಜಮಾನರಿಗೆ ಯಾವುದೋ ಚಿಂತೆಯಿದೆ, ನೋಡಿಕೊಳ್ಳಿ ಎನ್ನುತ್ತಿದ್ದಾರೆ. ಅಪ್ಪಾ, ಅವರಿಗೆ ಏನು ಹೇಳಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಏನಿಲ್ಲ, ಟ್ಯಾಂಕ್ ಕ್ಲೀನ್ ಮಾಡಿಸೋ ವಿಷಯ" ಅಂದರು ಇವರು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ನಗು ತಡೆಯಲಾಗದೆ ನಾನು ಸೆರಗು ಬಾಯಿಗಿಟ್ಟುಕೊಂಡೆ.

ನಮ್ಮ ಜಕರಂದಾ ರಸ್ತೆಯಲ್ಲಿ ಸಂಜೆ ಕೆಂಡದ ಮೇಲೆ ಮುಸುಕಿನ ಜೋಳ ಸುಟ್ಟು ಮಾರುವ ಹೆಂಗಸೊಬ್ಬಳಿದ್ದಾಳೆ. ಅವಳು ನಮ್ಮಿಬ್ಬರಿಗೆ ಟ್ರೇನು ಎಂದು ಹೆಸರಿಟ್ಟಿದ್ದಾಳೆ. ದೂರದಿಂದ ನಮ್ಮನ್ನು ಕಂಡರೆ ಪಕ್ಕದಲ್ಲಿ ಗಿಡ ಮಾರುವವನಿಗೆ ಕೂಗಿ ಹೇಳಿ ನಗುತ್ತಾಳೆ. ಇವರು ಹೆಮ್ಮೆಯಿಂದ ಕೈ ಎತ್ತುತ್ತಾರೆ, ಇಂಜಿನ್ ತಾನೇ ಎಂಬ ಭ್ರಮೆ.

ಕಳೆದ ವರ್ಷ, ಜಕರಂದಾ ಇನ್ನೂ ಮೊಗ್ಗಿನಲ್ಲಿದ್ದಾಗ, ಒಂದು ಸಂಜೆ ಇವರು ಎಂದಿನ ಹಾಗೆ ಮುಂದೆ ಹೋಗುತ್ತಾ ಲಿಫ್ಟ್ ಕೆಟ್ಟ ಕಥೆ ಹೇಳುತ್ತಿದ್ದರು. ಮಾತು ಅರ್ಧಕ್ಕೆ ನಿಂತಿತು. ಇವರ ಮಾತು ಅರ್ಧಕ್ಕೆ ನಿಂತದ್ದನ್ನು ನಾನು ಕಂಡವಳಲ್ಲ. ಎಡಭುಜ ಸ್ವಲ್ಪ ಮೇಲೆದ್ದಿತು. ಚಳಿಗೆ ನಾನು ಶಾಲು ಹೊದ್ದಿದ್ದೆ, ಇವರ ಅಂಗಿಯ ಬೆನ್ನು ಮಾತ್ರ ನೋಡುನೋಡುತ್ತಿದ್ದಂತೆ ಬೆವರಿನಿಂದ ಒದ್ದೆಯಾಯಿತು. ಕೈ ಚಾಚಿ ಒಂದು ಮರ ಹಿಡಿದುಕೊಂಡರು. ಆ ನಾಲ್ಕು ಮಾರು ದಾಟಲು ನನಗೆ ಎಷ್ಟು ಹೊತ್ತಾಯಿತೋ ದೇವರೇ ಬಲ್ಲ. ಜೋಳದ ಹೆಂಗಸು ಒಲೆ ಬಿಟ್ಟು ತನ್ನ ಸ್ಟೂಲು ಎತ್ತಿಕೊಂಡು ಓಡಿ ಬಂದಳು. ಟ್ಯಾಕ್ಸಿ ಬರುವ ತನಕ ಒಂದು ಕೈಯಲ್ಲಿ ಇವರನ್ನು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದು "ಪೋಲೆ, ಮಾಮಾ, ಪೋಲೆ" ಎನ್ನುತ್ತಾ ನಿಂತಿದ್ದಳು. ಮಾಮಾ ಎಂದರೆ ಇಲ್ಲಿ ಅಮ್ಮ. ಯಾರ ಸಂಕಟಕ್ಕಾದರೂ ಇಲ್ಲಿ ಹೇಳುವ ಮಾತು ಪೋಲೆ ಒಂದೇ, ಅದರಲ್ಲಿ ಎಲ್ಲವೂ ಇದೆ.

ಹೃದಯದ ಬೈಪಾಸ್ ಆಯಿತು. ಮಗಳು ಬಂದಳು, ಇದ್ದಳು, ಹೋದಳು. ನಮ್ಮ ಡಾಕ್ಟರು ಮಂಗಳೂರು ಕಡೆಯವರು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಮನೆಗೆ ಕಳಿಸುವಾಗ ಇವರ ಬೆನ್ನು ತಟ್ಟಿ ಹೇಳಿದರು: "ರಿಪೇರಿ ಚಂದ ಆಗಿದೆ ಸರ್. ಇನ್ನು ಗಾಡಿ ಶೆಡ್ಡಿನಲ್ಲಿ ಇಟ್ಟರೆ ಆಗುವುದಿಲ್ಲ ಮಾರಾಯ್ರೆ, ದಿನಾ ನಡೆಯಬೇಕು. ಮೇಡಂ, ನೀವು ಒಟ್ಟಿಗೆ ಇರಿ. ಪಕ್ಕದಲ್ಲೇ ಇರಿ."

ಇವರು ಮನೆಗೆ ಬಂದು ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಕೂತರು. ಕೂತವರು ಏಳಲಿಲ್ಲ. ಊಟಕ್ಕೆ ಏಳುತ್ತಿದ್ದರು, ಸ್ನಾನಕ್ಕೆ ಏಳುತ್ತಿದ್ದರು, ಗೇಟಿನಾಚೆ ಹೋಗೋಣವೆಂದರೆ ಇವತ್ತು ಬಿಸಿಲು, ಇವತ್ತು ಮೋಡ, ಇವತ್ತು ಮೊಣಕಾಲು. ಕೆಳಗೆ ಜಕರಂದಾ ಅರಳಿತು, ಉದುರಿತು. ಅದನ್ನು ಮೇಲಿನಿಂದಲೇ ನೋಡಿದರು. ಮಾತೂ ಕಡಿಮೆಯಾಯಿತು. ನಲ್ಲಿ ಸೋರಿದರೆ ಸೋರಲಿ ಎಂದು ಬಿಟ್ಟರು. ನನಗೆ ಹೆದರಿಕೆ ಶುರುವಾದದ್ದು ಆಗಲೇ. ಆಪರೇಷನ್ ದಿನ ಬಾಗಿಲಾಚೆ ಕೂತಿದ್ದಾಗಲೂ ಅಷ್ಟು ಹೆದರಿರಲಿಲ್ಲ. ಮುಂದಿನ ತಪಾಸಣೆಯಲ್ಲಿ ಡಾಕ್ಟರು ನಗಲಿಲ್ಲ. ನನ್ನನ್ನು ಬದಿಗೆ ಕರೆದು, ಹೀಗೇ ಕೂತರೆ ಹೃದಯ ಸೋಲುತ್ತದೆ, ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದರು.

ಆವತ್ತಿನಿಂದ ನಾನು ಹಟಕ್ಕೆ ಬಿದ್ದೆ. ಶಾಲೆಯಲ್ಲಿ ಎಂಥೆಂಥ ಮಕ್ಕಳನ್ನು ಬಗ್ಗಿಸಿದವಳು, ಇವರು ಯಾವ ಮೂಲೆ? ಒಂದು ಸಂಜೆ ಬೂಟು ತಂದು ಕಾಲ ಬಳಿ ಇಟ್ಟು, ಲೇಸನ್ನೂ ನಾನೇ ಕಟ್ಟಿ, ಎಬ್ಬಿಸಿಕೊಂಡು ಕೆಳಗೆ ಬಂದೆ. ಗೇಟಿನ ಕಾವಲುಗಾರ ಎದ್ದು ನಿಂತು ಇವರಿಗೆ ಸಲಾಮು ಮಾಡಿದ. ಡಾಕ್ಟರು ಹೇಳಿದಂತೆ ನಾನು ಪಕ್ಕಕ್ಕೆ ಬಂದು, ತೋಳು ಹಿಡಿದುಕೊಂಡು ಹೊರಟೆ.

ನಮಗೆ ಜೊತೆಯಲ್ಲಿ ನಡೆಯಲು ಬರುವುದಿಲ್ಲ ಎಂದು ನನಗೆ ಗೊತ್ತಾಗಿದ್ದೇ ಆಗ. ಇಷ್ಟು ವರ್ಷ ಸಂಸಾರ ಮಾಡಿದವರ ಕಾಲು ಒಂದಕ್ಕೊಂದು ಕೂಡಲಿಲ್ಲ. ಅವರ ಮೊಣಕೈ ನನ್ನ ಪಕ್ಕೆಗೆ, ನನ್ನ ಚಪ್ಪಲಿ ಅವರ ಹಿಮ್ಮಡಿಗೆ. ಎದುರಿನಿಂದ ಬೋಡಾಬೋಡಾ ಮೋಟರ್‌ಸೈಕಲ್ ಫುಟ್‌ಪಾತಿಗೇ ಹತ್ತಿ ಬಂದರೆ ನಾನು ಅವರನ್ನು ಈ ಕಡೆ ಎಳೆದೆ, ಅವರು ಆ ಕಡೆ ಎಳೆದರು. "ನಿಧಾನ ರೀ," ಅಂದೆ. "ಉಸಿರು ಹೆಂಗಿದೆ? ಎದೆ ಹಿಡೀತಿದೆಯಾ? ನಿಲ್ಲೋಣವಾ?" ಇವರು ನಿಂತೇಬಿಟ್ಟರು. "ಮನೆಗೆ ಹೋಗೋಣ" ಅಂದರು. ಮರುದಿನವೂ ಅದೇ. ಅದರ ಮರುದಿನ ಮೊದಲನೆಯ ಮರದವರೆಗೂ ಬರಲಿಲ್ಲ. ಆಮೇಲೆ ಬೂಟು ಇಟ್ಟರೂ ಕಾಲು ಚಾಚಲಿಲ್ಲ.

ನನ್ನ ತಾಳ್ಮೆ ಒಂದು ಮಧ್ಯಾಹ್ನ ಮುಗಿಯಿತು. ಊಟದ ತಟ್ಟೆ ಎತ್ತುತ್ತಿದ್ದವಳು ಅಲ್ಲೇ ಇಟ್ಟು ಕೂಗಾಡಿದೆ. ನಾನೂ ಮನುಷ್ಯಳಲ್ಲವಾ, ನನಗೇನು ಕಬ್ಬಿಣದ ಗುಂಡಿಗೆಯಾ, ಹೀಗೇ ಕೂತು ಹೋಗಿಬಿಡುವುದಾದರೆ ನನ್ನನ್ನು ಯಾಕೆ ಇಷ್ಟು ದೂರ ಕರಕೊಂಡು ಬಂದಿರಿ. ಬಾಯಿಗೆ ಬಂದದ್ದೆಲ್ಲ ಅಂದೆ. ಕೊನೆಗೆ, "ಹೆದರಿಕೆ ಇದ್ರೆ ಹೆದರಿಕೆ ಅಂತ ಹೇಳಿ. ಮೊಣಕಾಲಿನ ಮೇಲೆ ಯಾಕೆ ಹಾಕ್ತೀರ?" ಎಂದೆ.

ಇವರು ತಣ್ಣಗೆ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟರು.

"ಹೆದರಿಕೆ ಇದೆ. ಇಲ್ಲ ಅನ್ನಲ್ಲ. ಆದ್ರೆ ನನಗಿಂತ ನಿನಗೆ ಜಾಸ್ತಿ ಇದೆ."

"ನಂಗೇನು ಹೆದರಿಕೆ?"

"ಪಕ್ಕದಲ್ಲಿ ನಡೀವಾಗ ನೀನು ದಾರಿ ನೋಡಲ್ಲ ಕಣೇ, ನನ್ನ ಮುಖಾನೇ ನೋಡ್ತೀಯ. ನಿನ್ನ ಮುಖ ನೋಡಿದ್ರೆ ನಾನು ಇನ್ನೇನು ಹೋಗೇಬಿಟ್ಟೆ ಅನ್ಸತ್ತೆ. ಮನೇಲಿ ಕೂತಿದ್ರೆ ಅಷ್ಟಾದ್ರೂ ತಪ್ಪತ್ತೆ."

ನಾನು ಅವರ ಎದುರಿಗೆ ಬಂದು ಕೂತೆ.

"ಮತ್ತೇನು ಮಾಡ್ಲಿ?" ಅಂದೆ.

"ಹಿಂದೆ ಬಾ. ಮೊದಲಿನ ಹಾಗೆ."

"ಡಾಕ್ಟರು ಪಕ್ಕದಲ್ಲಿ ಇರಿ ಅಂದಿದಾರೆ. ಹಿಂದೆ ಇದ್ರೆ ಬಿದ್ದಾಗ ಹಿಡಿಯೋಕಾಗಲ್ಲ."

"ಆವತ್ತು ಬೀಳಲಿಲ್ಲವಲ್ಲ. ನಿನ್ನ ಕರೀಲೂ ಇಲ್ಲ ನಾನು, ಗಮನಿಸಿದ್ಯಾ? ಕರೀಬೇಕು ಅನ್ನಿಸ್ಲೇ ಇಲ್ಲ. ಹಿಂದಿಂದ ನೋಡ್ತಿರ್ತಾಳೆ, ಬಂದೇ ಬರ್ತಾಳೆ ಅಂತ ಗೊತ್ತಿತ್ತು. ಮರ ಹಿಡ್ಕೊಂಡು ನಿಂತ್ಕೊಂಡೆ, ಅಷ್ಟೆ."

ಇದನ್ನು ಅವರು ನನ್ನ ಮುಖ ನೋಡಿಕೊಂಡು ಹೇಳಿದರು. ಇಂಥ ಮಾತನ್ನು ಮುಖ ನೋಡಿಕೊಂಡು ಹೇಳುವುದು ನಮ್ಮಲ್ಲಿ ರೂಢಿಯಿಲ್ಲ. ಇಬ್ಬರಿಗೂ ಸಂಕೋಚವಾಗಿ, ಅವರು ಪೇಪರು ಎತ್ತಿಕೊಂಡರು, ನಾನು ತಟ್ಟೆ ಎತ್ತಿಕೊಂಡೆ.

ಪಾತ್ರೆ ತೊಳೆಯುತ್ತಾ ನನ್ನ ಮನಸ್ಸನ್ನು ನಾನೇ ಕೆದಕಿದೆ. ಇವರು ಹೇಳಿದ್ದು ಅರ್ಧ ಮಾತ್ರ. ಪಕ್ಕದಲ್ಲೇ ನಡೆಯುತ್ತೇನೆಂದು ನಾನು ಹಟ ಹಿಡಿದದ್ದು ಬರೀ ಡಾಕ್ಟರ ಮಾತಿಗಲ್ಲ. ಆ ಬೆನ್ನನ್ನು ಮತ್ತೆ ನೋಡುವ ಧೈರ್ಯ ನನಗಿರಲಿಲ್ಲ. ಕಣ್ಣು ಮುಚ್ಚಿದರೆ ಅದೇ ಅಂಗಿ, ಅದೇ ಹರಡುತ್ತಿದ್ದ ಬೆವರು. ನನಗೆ ಅಷ್ಟು ಪರಿಚಯವಿದ್ದ ಬೆನ್ನು ಒಂದೇ ಗಳಿಗೆಯಲ್ಲಿ ಬೇರೆ ಯಾರದೋ ಆಗಿಬಿಟ್ಟಿತ್ತು. ತೋಳು ಹಿಡಿದುಕೊಂಡರೆ ಬೆನ್ನು ಕಾಣುವುದಿಲ್ಲ. ಇಷ್ಟೇ ವಿಷಯ. ಡಾಕ್ಟರಿಗೆ ಫೋನ್ ಮಾಡಿ, ಸ್ವಲ್ಪ ಹಿಂದೆ ಇದ್ದರೆ ಪರವಾಗಿಲ್ಲವೇ ಎಂದು ಕೇಳಿದೆ. ಅವರು ನಕ್ಕುಬಿಟ್ಟರು. "ನಡೆದರೆ ಸಾಕು ಮೇಡಂ. ನೀವು ಮುಂದೆ ಬೇಕಾದರೂ ಇರಿ, ಹಿಂದೆ ಬೇಕಾದರೂ ಇರಿ. ತುಂಬಾ ದೂರ ಮಾತ್ರ ಬಿಡಬೇಡಿ."

ಸಂಜೆ ಇವರೇ ಬೂಟು ಹಾಕಿಕೊಂಡರು. ನಾನು ಗೇಟಿನ ಹತ್ತಿರ ನಿಂತು ಅವರನ್ನು ಮುಂದೆ ಹೋಗಲು ಬಿಟ್ಟೆ. ಮೊದಲು ಎರಡು ಮಾರು, ಆಮೇಲೆ ಮೂರು. ಮೈ ಇಳಿದು ಅಂಗಿ ದೊಗಲೆಯಾಗಿತ್ತು. ಕುತ್ತಿಗೆ ಸಣ್ಣಗಾಗಿ, ಕಾಲರಿನೊಳಗೆ ನನ್ನ ಬೆರಳೆರಡು ಹೋಗುವಷ್ಟು ಜಾಗವಿತ್ತು. ಇದನ್ನು ನಾನು ಇಷ್ಟು ದಿನ ನೋಡಿಯೇ ಇರಲಿಲ್ಲ. ಪಕ್ಕದ ಬಂಗಲೆಯ ಹುಲ್ಲುಹಾಸಿನಿಂದ ಉದ್ದ ಕೊಕ್ಕಿನ ಹಡಾಡಾ ಹಕ್ಕಿಗಳು ಯಾರೋ ಕೊಲ್ಲಲು ಬಂದ ಹಾಗೆ ಅರಚುತ್ತಾ ಎದ್ದವು. ನಾನು ಬೆಚ್ಚಿಬಿದ್ದೆ, ಇವರು ಬೆಚ್ಚಲಿಲ್ಲ. ಹೆಜ್ಜೆ ಸಣ್ಣದು, ಆದರೆ ಒಂದೇ ಸಮ.

ಆವತ್ತು ಹಿಡಿದುಕೊಂಡಿದ್ದ ಮರ ಬಂತು. ನಾನು ಅರಿವಿಲ್ಲದೆ ಒಂದು ಮಾರು ಹತ್ತಿರ ಬಂದೆ. ಇವರು ಅದನ್ನು ನೋಡಿದರೋ ಇಲ್ಲವೋ, ದಾಟಿ ಹೋದರು. ಜೋಳದ ಹೆಂಗಸು ಎದ್ದು ನಿಂತು ನೋಡಿದಳು. ಕೂಗಲಿಲ್ಲ, ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು, ಆಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದಳು. ಇವರು ಅವಳ ಒಲೆಯನ್ನೂ ದಾಟಿದ ಮೇಲೆ, ಎದುರಿನ ಗಾಳಿಗೆ ಹೇಳತೊಡಗಿದರು.

"ಡಾಕ್ಟರು ಉಪ್ಪು ಕಮ್ಮಿ ಮಾಡಿ ಅಂದಿದ್ದು. ಪೂರ್ತಿ ಬಿಡಿ ಅಂತ ಎಲ್ಲಿ ಅಂದ್ರು? ನಿನ್ನ ಸಾರು ತಿಂದು ತಿಂದು ನಾಲಿಗೆ ಮರಗಟ್ಟಿಹೋಗಿದೆ. ಹುಣಸೆಹಣ್ಣಾದ್ರೂ ಒಂಚೂರು ಜಾಸ್ತಿ ಹಾಕು. ಹುಣಸೆಹಣ್ಣಿಗೂ ಹಾರ್ಟಿಗೂ ಏನು ಸಂಬಂಧ? ಆ ಹಾಗಲಕಾಯಿ ಪಲ್ಯ ಇದೆಯಲ್ಲ, ಅದನ್ನಂತೂ ಶತ್ರುಗೂ ಬಡಿಸಬಾರದು."

ತಿಂಗಳುಗಟ್ಟಲೆ ಆದ ಮೇಲೆ ಇಷ್ಟುದ್ದದ ಮಾತು. ಬೇರೆ ದಿನವಾಗಿದ್ದರೆ, ನಾಳೆಯಿಂದ ನೀವೇ ಒಲೆ ಮುಂದೆ ನಿಲ್ಲಿ ಎಂದು ಅಲ್ಲೇ ಉತ್ತರ ಕೊಡುತ್ತಿದ್ದೆ. ಉತ್ತರ ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ಕಣ್ಣೀರು ಇಳಿದು ಮುಂದಿನ ದಾರಿ, ಮರ, ಅವರ ಬೆನ್ನು ಎಲ್ಲಾ ಕಲಸಿಹೋಯಿತು. ಒರೆಸಿಕೊಂಡರೆ ಮತ್ತೆ ಬಂತು. ಇವರು ಪಲ್ಯ ಮುಗಿಸಿ ಚಪಾತಿಗೆ ಬಂದಿದ್ದರು. ಎಣ್ಣೆಯಿಲ್ಲದ ಚಪಾತಿಯನ್ನು ಹರಿಯಲು ಬೈಪಾಸ್ ಆದವನಿಗೆ ಶಕ್ತಿ ಎಲ್ಲಿಂದ ಬರಬೇಕು ಎಂದರು. ಅದಕ್ಕೂ ನನ್ನಿಂದ ಹೂಂ ಬರಲಿಲ್ಲ.

ಮಾತು ನಿಂತಿತು. ಹೆಜ್ಜೆ ನಿಧಾನವಾಯಿತು, ನಿಲ್ಲಲಿಲ್ಲ. ತಲೆ ಒಂದಿಷ್ಟು ಬಲಕ್ಕೆ ವಾಲಿತು, ಕಿವಿ ಹಿಂದಕ್ಕೆ ಕೊಟ್ಟ ಹಾಗೆ.

"ಇದ್ದೀಯೇನೇ?" ಎಂದು ಕೇಳಿದರು.

ಇದ್ದೀನಿ, ಅಂದೆ. ಧ್ವನಿ ಒಡೆದುಹೋಗಿತ್ತು, ನನಗೇ ಕೇಳಿಸಲಿಲ್ಲ. ಮೂಗು ಒರೆಸಿಕೊಂಡು, ಉಸಿರು ತಗೊಂಡು, ಆ ಕಡೆಯ ಫುಟ್‌ಪಾತಿನಲ್ಲಿ ಮಟಾಟು ಕಾಯುತ್ತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಇನ್ನೊಂದು ಸಲ ಅಂದೆ.

"ಇದ್ದೀನಿ ರೀ. ನೀವು ನಡೀರಿ."